ಕೊನೆಯ ನಲ್ಲಿಗೆ ಹಳದಿ ಬರಲಿಲ್ಲ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಬೀದಿಯ ತುದಿಯ ಕೊನೆಯ ಮನೆ, ಗೇಟಿನ ಪಕ್ಕದ ಗಿಡ್ಡ ನಲ್ಲಿ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಹೆಂಗಸು ಸಣ್ಣ ದನಿಯಲ್ಲಿ ಅರವತ್ತರವರೆಗೆ ಎಣಿಸುತ್ತಾರೆ. ಎಣಿಕೆ ಮುಗಿಯುವ ತನಕ ನೀರು ಸುಮ್ಮನೆ ಹರಿಯಬೇಕು. ಆಮೇಲೆ ಬೆರಳುದ್ದದ ಗಾಜಿನ ಕೊಳವೆಗೆ ಗೆರೆಯವರೆಗೆ ನೀರು ಹಿಡಿದು, ಪುಟ್ಟ ಬಾಟಲಿಯಿಂದ ಐದು ತೊಟ್ಟು ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸುತ್ತಾರೆ. ಹಳೇ ಕ್ಯಾಲೆಂಡರಿನ ಬೆನ್ನಿಗೆ ಕೊಳವೆ ಹಿಡಿದು ಟಾರ್ಚ್ ಬಿಡುತ್ತಾರೆ. ನೀರು ಹಳದಿಗೆ ತಿರುಗಬೇಕು.

ತಿರುಗಲಿಲ್ಲ.

ಅವರು ಕೊಳವೆ ತೊಳೆದರು, ಮತ್ತೆ ಅರವತ್ತು ಎಣಿಸಿದರು, ಮತ್ತೆ ಐದು ತೊಟ್ಟು. ನೀರು ನೀರಾಗಿಯೇ ಉಳಿಯಿತು, ನೋಡುವುದಕ್ಕೆ ಎಷ್ಟು ತಿಳಿ! ಅವರ ಕೆಲಸ ನೋಡಲು ಜೊತೆಗೆ ಬಂದ ಪೇಪರಿನವನು ನಾನು, ಬಾಯಾರಿದ್ದರೆ ಎತ್ತಿ ಕುಡಿದುಬಿಡುತ್ತಿದ್ದೆ.

"ನೀರು ಬಿಟ್ಟು ಹತ್ತು ನಿಮಿಷ ಆಯ್ತು ಸರ್," ಎಂದರು. "ಎಲ್ಲಾ ಮನೇಲೂ ಕೊಡ ತುಂಬ್ತಾ ಇರುತ್ತೆ."

ಊರಿನವರು ಇವರನ್ನು ಕರೆಯುವುದು ಹಳದಮ್ಮ ಎಂದು. ನಿಜವಾದ ಹೆಸರು ಆಫೀಸಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ವಯಸ್ಸು ಐವತ್ತೊಂದು, ನೀರಿನ ಆಫೀಸಿನಲ್ಲಿ ಇಪ್ಪತ್ತನೇ ವರ್ಷ, ಇನ್ನೂ ಕಾಯಂ ಆಗಿಲ್ಲ. ದಿನಕ್ಕೆ ಇಪ್ಪತ್ತೆರಡು ನಲ್ಲಿ, ಒಂಬತ್ತು ಕಿಲೋಮೀಟರ್ ನಡಿಗೆ, ಇಪ್ಪತ್ತೆರಡು ಸಲ ಅರವತ್ತರ ಎಣಿಕೆ. ಮಂಡಿಗೆ ಬೆಲ್ಟು, ಹೆಗಲಿಗೆ ಮಗಳು ಶಾಲೆಗೆ ಒಯ್ಯುತ್ತಿದ್ದ ಹಳೇ ಬ್ಯಾಗು. "ಮನೇಲೂ ಎಣಿಸ್ತೀನಂತೆ. ಹಾಲು ಕಾಯಿಸೋವಾಗ್ಲೂ ಒಂದು, ಎರಡು ಅಂತ ಶುರು ಮಾಡ್ತೀನಂತೆ. ನಮ್ಮನೆಯವ್ರು ನಗ್ತಾರೆ," ಎಂದು ದಾರಿಯಲ್ಲಿ ಹೇಳಿ ತಾವೂ ನಕ್ಕಿದ್ದರು. ಆ ನಗು ಈಗ ಎಲ್ಲಿ ಹೋಯಿತೋ.

ಹಳದಿಯ ಲೆಕ್ಕವನ್ನು ಅವರ ಬಾಯಲ್ಲೇ ಕೇಳಿ. "ಊರಿನ ಟ್ಯಾಂಕಲ್ಲಿ ಕ್ಲೋರಿನ್ ಹಾಕ್ತಾರಲ್ಲ, ಅದು ನೀರಿಗೆ ಔಷಧಿ. ಕೊನೇ ನಲ್ಲೀಲೂ ಹಳದಿ ಬಂದ್ರೆ ಔಷಧಿ ಇನ್ನೂ ಜೀವ ಇಟ್ಕೊಂಡಿದೆ ಅಂತ. ಬರ್ಲಿಲ್ಲ ಅಂದ್ರೆ ದಾರೀಲಿ ಯಾವ್ದೋ ಕೊಳಕು ಒಳಗೆ ಬಂದು ಅದನ್ನ ತಿಂದ್ಹಾಕಿದೆ ಅಂತ. ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ."

ಈ ಬೀದಿಯಲ್ಲಿ ಮೂವತ್ತೊಂದು ಮನೆ. ಕೊನೆಯ ಮನೆ ಹಳದಮ್ಮನ ಸ್ವಂತ ಅಕ್ಕನದು. ಏಳು ವರ್ಷದ ಹಿಂದೆ ಇದೇ ಮನೆಯಲ್ಲಿ ಹಿಡಿದ ನೀರು ಚೆನ್ನಾಗಿ ಹಳದಿಗೆ ತಿರುಗಿತ್ತು, ಹಳದಮ್ಮ ಪುಸ್ತಕದಲ್ಲಿ "ಸರಿ" ಎಂದು ಬರೆದಿದ್ದರು. ಮೂರನೇ ದಿನ ಬೀದಿಯಲ್ಲಿ ವಾಂತಿ, ಭೇದಿ. ಇಪ್ಪತ್ತಾರು ಜನ ಮಲಗಿದರು. ಎದುರು ಮನೆಯ ಟೈಲರ್ ಅಜ್ಜ ಆಸ್ಪತ್ರೆಯಿಂದ ವಾಪಸ್ಸು ಬರಲಿಲ್ಲ. ಪೈಪಿಗೆ ಚರಂಡಿ ಸೇರಿದ್ದು ಆಮೇಲೆ ಗೊತ್ತಾಯಿತು. ಹಾಗಾದರೆ ಹಳದಿ ಹೇಗೆ ಬಂತು? ನಾನು ಕೇಳಿದರೆ ಅವರು ಮುಖ ಆಚೆ ತಿರುಗಿಸಿದರು. "ನನ್ನ ಕಣ್ಣು ತಪ್ಪಿತ್ತು ಅನ್ಕೊಳಿ. ಬರೆದಿದ್ದು ನಾನು. ಸಹಿ ನಂದು." ಅಂದಿನಿಂದ ಆ ಮನೆಯ ಒಳಗೆ ಅವರು ಕಾಲಿಟ್ಟಿಲ್ಲ. ಗೇಟಿನ ನಲ್ಲಿಯಲ್ಲೇ ನೀರು ಹಿಡಿದು ಎದ್ದು ಹೋಗುತ್ತಾರೆ. ಅಕ್ಕ ತಂಗಿ ಎದುರಾದರೆ ಒಂದೆರಡು ಮಾತು, ಅಷ್ಟೇ.

ಈಗ ಅವರು ಇಂಜಿನಿಯರ್ ಸಾಹೇಬರಿಗೆ ಫೋನ್ ಹಚ್ಚುತ್ತಾರೆ. ನಾಲ್ಕನೇ ಸಲಕ್ಕೆ ಅತ್ತಲಿಂದ ನಿದ್ದೆಗಣ್ಣಿನ ದನಿ. "ಪುಸ್ತಕದಲ್ಲಿ ಬರೀರಿ. ನಾಳೆ ನೋಡೋಣ."

"ನಾಳೆ ಅನ್ನೋಷ್ಟರಲ್ಲಿ ಕುಡಿದಿರ್ತಾರೆ ಸರ್."

"ಬೆಳಬೆಳಗ್ಗೆ ನೀರು ನಿಲ್ಸಿದ್ರೆ ಗಲಾಟೆ ಆಗುತ್ತೆ, ಗೊತ್ತಲ್ಲ? ವಾಲ್ವ್ ಮುಟ್ಟಬೇಡಿ."

ಫೋನ್ ಕಟ್ಟಾಯಿತು. ಹಳದಮ್ಮ ಆ ಬೆಲ್ಟಿನ ಮಂಡಿಯಲ್ಲೇ ಓಡಿದರು. ಹಿಂದೆ ನಾನು, ಏದುಸಿರು ಬಿಡುತ್ತ. ಬೀದಿಯ ಬಾಯಲ್ಲಿ ವಾಲ್ವ್ ತಿರುಗಿಸುವಾತ, ಊರಿಗೆಲ್ಲ ವಾಲ್ವಣ್ಣ, ಕಬ್ಬಿಣದ ಉದ್ದ ಕೀಲಿಗೆ ಆನಿಕೊಂಡು ಚಹಾ ಹೀರುತ್ತಿದ್ದ.

"ಮುಚ್ಚಣ್ಣ."

"ಸಾಹೇಬ್ರು ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ನನ್ನ ಕೈಲಿ ಆಗಲ್ಲಮ್ಮ. ನಂಗೂ ಹೆಂಡ್ತಿ ಮಕ್ಕಳಿದಾರೆ."

"ಈ ಮನೆಗಳಲ್ಲೂ ಇದಾರೆ," ಎಂದು ಹಳದಮ್ಮ ಕೀಲಿಯನ್ನು ಅವನ ಕೈಯಿಂದ ಕಿತ್ತುಕೊಂಡೇಬಿಟ್ಟರು. ಹದಿನಾಲ್ಕು ಸುತ್ತು. ಎಂಟಕ್ಕೆ ಉಸಿರು ಕಟ್ಟಿತು. ಹತ್ತಕ್ಕೆ ವಾಲ್ವಣ್ಣ ಗ್ಲಾಸು ಕೆಳಗಿಟ್ಟು, "ಸರೀರಿ ಆಚೆ, ಕೈ ಮುರ್ಕೋತೀರಾ," ಎಂದು ಬೈಯುತ್ತಲೇ ಉಳಿದ ನಾಲ್ಕು ಸುತ್ತು ತಾನೇ ತಿರುಗಿಸಿದ. ಐದು ಇಪ್ಪತ್ತೆರಡಕ್ಕೆ ನೀರು ನಿಂತಿತು.

ಬೀದಿ ಎದ್ದಿತು. ಅರ್ಧ ತುಂಬಿದ ಕೊಡ ಹಿಡಿದವರು, ಮೈಗೆ ಸೋಪು ಹಚ್ಚಿಕೊಂಡು ಟವೆಲ್ಲಿನಲ್ಲಿ ಬಂದವರು, ಎಲ್ಲರೂ ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. ಹಳದಮ್ಮ ನಡುಬೀದಿಯಲ್ಲಿ ನಿಂತು ಕೈ ಮುಗಿದರು. "ಈಗ ಹಿಡಿದಿರೋ ನೀರು ಯಾರೂ ಕುಡೀಬೇಡಿ. ಮಕ್ಕಳಿಗೆ ಕೊಡಬೇಡಿ. ಚೆಲ್ಲಿಬಿಡಿ."

"ದಿನಕ್ಕೊಂದೇ ಗಂಟೆ ಬರೋ ನೀರು ಚೆಲ್ಲಬೇಕಾ?" ಒಬ್ಬ ಮುಂದೆ ಬಂದ. "ಅವತ್ತು ಇದೇ ಬಾಯಲ್ಲಿ ಸರಿ ಇದೆ ಅಂದ್ರಿ. ನಮ್ಮಪ್ಪ ನಂಬಿ ಕುಡಿದ, ಸತ್ತ. ಇವತ್ತು ಸರಿ ಇಲ್ಲ ಅಂತೀರಾ. ನಿಮ್ಮ ಮಾತು ಯಾರ್ರೀ ನಂಬ್ತಾರೆ?"

ಅವನು ಟೈಲರ್ ಅಜ್ಜನ ಮಗ. ಹಳದಮ್ಮ ತಲೆ ತಗ್ಗಿಸಿದರು. ಯಾರೂ ಒಂದು ತೊಟ್ಟು ಚೆಲ್ಲಲಿಲ್ಲ. ಒಬ್ಬಾಕೆ ಕೊಡ ಎತ್ತಿ ಸೊಂಟಕ್ಕಿಟ್ಟು ಒಳಗೆ ಹೊರಟೇಬಿಟ್ಟಳು. ಎರಡು ಮನೆಯಾಚೆ ಯಾರದೋ ಮಗು ಹಾಲಿಗೆ ಅಳುತ್ತಿತ್ತು, ಅದರ ಹಾಲಿಗೆ ಈ ನೀರೇ ಬೀಳುತ್ತದೆ. ನಾನು ಪೇಪರಿನವನು ಎಂದು ಹೇಳಿ ನೋಡಿದೆ, ಯಾರೂ ಕ್ಯಾರೇ ಅನ್ನಲಿಲ್ಲ.

ಆಗ ಕೊನೆಯ ಮನೆಯ ಗೇಟು ಕಿರ್ರೆಂದಿತು. ಅಕ್ಕ, ಅರವತ್ತರ ಹತ್ತಿರದ ಹೆಂಗಸು, ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ತುಳುಕಿಸುತ್ತ ನಡುಬೀದಿಗೆ ಬಂದರು.

"ಅವಳ ಕಣ್ಣು ತಪ್ಪಿರ್ಲಿಲ್ಲ. ತಪ್ಪು ನಂದು."

"ಅಕ್ಕಾ, ಸುಮ್ನಿರು. ಒಳಗೆ ಹೋಗು."

"ಏಳು ವರ್ಷ ಸುಮ್ನಿದ್ದೆ ಕಣೆ. ಸಾಕು." ಅಕ್ಕ ಟೈಲರ್ ಅಜ್ಜನ ಮಗನ ಕಡೆ ತಿರುಗಿದರು. "ಅವತ್ತಿಗೆ ಎರಡು ದಿನ ಮುಂಚೆ ನಮ್ಮನೆ ನೀರಲ್ಲಿ ಹಳದಿ ಕಮ್ಮಿ ಬಂತು ಅಂತ ಇವಳು ಬರೆದಿದ್ಲು. ಆಫೀಸಲ್ಲಿ ಎಲ್ಲರ ಮುಂದೆ ಇವಳಿಗೇ ಬೈದ್ರು. ಇಲ್ಲಿ ಬಂದು ಅತ್ಲು. ನನ್ನ ಹೊಟ್ಟೆ ಉರೀತು. ಮಾರನೇ ಬೆಳಗ್ಗೆ ಇವಳು ಬರೋ ಮುಂಚೆ ನಮ್ಮ ಮನೆ ಟ್ಯಾಂಕಿಗೆ ಒಂದು ಚಮಚ ಬ್ಲೀಚಿಂಗ್ ಪೌಡರ್, ಅದೇ ಕ್ಲೋರಿನ್ ಪುಡಿ, ಕಲಸಿ ಹಾಕ್ದೆ. ಚಳಿ ಇದೆ, ಒಳಗೇ ಹಿಡ್ಕೋ ಬಾ ಅಂತ ಆ ಟ್ಯಾಂಕಿನ ನೀರು ಬರೋ ಅಡುಗೆಮನೆ ನಲ್ಲೀಗೆ ಕರೆದೆ. ಹಳದಿ ಬಂತು. ತಂಗಿ ಬೈಸ್ಕೊಳ್ಳಲ್ಲ ಇನ್ನು ಅಂತ ಖುಷಿಪಟ್ಟೆ, ದರಿದ್ರದವಳು ನಾನು. ಬೀದಿಯೆಲ್ಲಾ ಮಲಗ್ತು. ನಮ್ಮನೇಲಿ ಮಾತ್ರ ಯಾರಿಗೂ ಏನೂ ಆಗ್ಲಿಲ್ಲ. ಆ ಪುಡಿ ನಮ್ಮನ್ನ ಉಳಿಸ್ತು, ನಿಮ್ಮಪ್ಪನ್ನ ತಗೊಂಡ್ಹೋಯ್ತು. ಎಲ್ಲಾ ಆದ್ಮೇಲೆ ಇವಳಿಗೊಬ್ಬಳಿಗೇ ಹೇಳ್ದೆ. ನನ್ನ ಹೆಸ್ರು ಹೇಳದೆ ಎಲ್ಲಾ ತಾನೇ ಹೊತ್ಕೊಂಡ್ಲು."

ಹಾಗೆ ಹೇಳಿ ಬಕೆಟ್ಟನ್ನು ಬೀದಿಗೆ ಸುರಿದರು. ನೀರು ನನ್ನ ಚಪ್ಪಲಿಯ ಕೆಳಗೆ ಹರಿಯಿತು.

ಟೈಲರ್ ಅಜ್ಜನ ಮಗನ ದವಡೆ ಬಿಗಿಯಿತು. ಅಕ್ಕನ ಮೇಲೆ ಎಗರುತ್ತಾನೆ ಎಂದೇ ನಾನು ಎಣಿಸಿದ್ದೆ. ಅವನು ಸರಸರ ಮನೆಯೊಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಕೊಡ. ಅಕ್ಕನತ್ತ ನೋಡಲೂ ಇಲ್ಲ, ನೆಟ್ಟಗೆ ಹಳದಮ್ಮನ ಮುಂದೆ ತಂದಿಟ್ಟ. "ನೋಡಿ ಹೇಳಿ. ನೀವು ಹೇಳಿದ್ರೆ ಚೆಲ್ತೀನಿ."

ಐದು ತೊಟ್ಟು. ಬಣ್ಣ ಬರಲಿಲ್ಲ. ಅವನು ಚೆಲ್ಲಿದ.

ಆಮೇಲೆ ಬೀದಿಗೆ ಬೀದಿಯೇ ಸಾಲು ನಿಂತಿತು. ಹಳದಮ್ಮ ಮನೆ ಮನೆಯ ಕೊಡ, ಬಕೆಟ್ಟು ನೋಡುತ್ತ ಹೋದರು. ಒಂದನೇ ಮನೆಯಿಂದ ಹದಿನೇಳರವರೆಗೆ ಹಳದಿ. ಹದಿನೆಂಟರಿಂದ ಕೊನೆಯವರೆಗೆ ಬರೀ ನೀರು. ಹದಿನೇಳು ಮತ್ತು ಹದಿನೆಂಟರ ನಡುವೆ ನೀರಿನ ಪೈಪು ಚರಂಡಿಯೊಳಗಿಂದ ಹಾದುಹೋಗುತ್ತದೆ. ವಾಲ್ವಣ್ಣ ಅಲ್ಲೇ ಚಪ್ಪಡಿ ಎತ್ತಿ, ಮೊಣಕಾಲುದ್ದ ಇಳಿದು ಕೈಯಾಡಿಸಿ, ಮೂಗು ಮುಚ್ಚಿಕೊಂಡೇ ಕೂಗಿದ: "ಜಾಯಿಂಟ್ ಬಿಟ್ಟಿದೆ, ಹೆಬ್ಬೆರಳು ತೂರುತ್ತೆ!" ಕಪ್ಪು ಕೆಸರಿನ ಒಳಗೆ ಊರಿನ ಕುಡಿಯುವ ನೀರಿನ ಪೈಪು. ಮಾರನೇ ದಿನ ಜಾಯಿಂಟ್ ಬದಲಾಯಿಸಿ, ಪೈಪು ತೊಳೆದ ಮೇಲೆಯೇ ಬೀದಿಗೆ ಮತ್ತೆ ನೀರು ಬಿಟ್ಟರು.

ಅಂದು ಬಾಟಲಿಯಲ್ಲಿ ಕಳಿಸಿದ ನೀರಿನ ವರದಿ ದೊಡ್ಡ ಊರಿನ ಪ್ರಯೋಗಾಲಯದಿಂದ ನಾಲ್ಕನೇ ದಿನ ಬಂತು. ಎರಡೇ ಪದ: ಕುಡಿಯಲು ಅಯೋಗ್ಯ. ಅದಕ್ಕಿಂತ ಮೊದಲೇ, ಎರಡನೇ ದಿನವೇ, ಹಳದಮ್ಮನಿಗೆ ಆಫೀಸಿನ ನೋಟಿಸು ಬಂದಿತ್ತು. ಅನುಮತಿ ಇಲ್ಲದೆ ವಾಲ್ವ್ ಮುಚ್ಚಿದ್ದೇಕೆ, ವಿವರಣೆ ಕೊಡಿ. ಅವರು ಬರೆದ ವಿವರಣೆ ಒಂದು ಸಾಲಿನದು: "ಹಳದಿ ಬರಲಿಲ್ಲ, ಅದಕ್ಕೆ." ಆ ನೋಟಿಸಿಗೆ ಮುಂದೇನಾಗುತ್ತದೋ ಇದನ್ನು ಬರೆಯುವ ಹೊತ್ತಿಗೂ ಗೊತ್ತಿಲ್ಲ. ಹತ್ತು ದಿನ ಅವರು ಮೂವತ್ತೊಂದು ಮನೆಯ ಬಾಗಿಲಿಗೂ ಹೋಗಿ "ಹೊಟ್ಟೆ ಹೇಗಿದೆ?" ಎಂದು ಕೇಳಿದರು. "ನಮ್ಮ ಹೊಟ್ಟೆಗೂ ಒಂದು ಪುಸ್ತಕ ಇಟ್ಟಿದೀರಾ?" ಎಂದು ಜನ ರೇಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಟೈಲರ್ ಅಜ್ಜನ ಮನೆಯಲ್ಲಿ ಒಳಗೆ ಕರೆದು ಕೂರಿಸಿದರು. ಆ ಮಗ ಅಕ್ಕನೊಡನೆ ಮಾತ್ರ ಇನ್ನೂ ಮಾತಾಡಿಲ್ಲ. ಆಡಲಿ ಎಂದು ಹೇಳುವುದಕ್ಕೆ ನಾನು ಯಾರು?

ಅಕ್ಕನ ಮಾತನ್ನು ಪೇಪರಿನಲ್ಲಿ ಹಾಕಲೇ ಎಂದು ಕೇಳಿದ್ದೆ. "ಹಾಕಿ. ದೊಡ್ಡಕ್ಷರದಲ್ಲಿ ಹಾಕಿ," ಎಂದರು.

ಹನ್ನೊಂದನೇ ಬೆಳಗ್ಗೆ ನಾನು ಮತ್ತೆ ಅದೇ ಗೇಟಿನ ಬಳಿ ಇದ್ದೆ. ಏನಾದರೂ ಆಸೆ ಇದೆಯೇ ಎಂದು ಹಳದಮ್ಮನನ್ನು ಕೇಳಿದೆ. ನೌಕರಿ ಕಾಯಂ ಆಗಲಿ ಎಂದಾರು ಅಂದುಕೊಂಡಿದ್ದೆ. ಅವರು ಬೀದಿಯ ತುದಿಯ ಗೋಡೆ ತೋರಿಸಿದರು. "ಅಲ್ಲೊಂದು ನಲ್ಲಿ ಹಾಕಿಸ್ಬೇಕು ಸರ್. ಯಾರ ಮನೇದೂ ಅಲ್ಲ, ಟ್ಯಾಂಕೂ ಇಲ್ಲ, ನೇರ ಪೈಪಿಂದ. ಬರೀ ನೋಡೋಕೆ. ಆಗ ಯಾರ ಗೇಟೂ ತೆಗೀಬೇಕಾಗಿಲ್ಲ."

"ಬೇಡ," ಎಂದಿತು ಒಂದು ದನಿ. ಅಡುಗೆಮನೆಯ ಕತ್ತಲ ಕಿಟಕಿಯಲ್ಲಿ ಅಕ್ಕ ನಿಂತಿದ್ದರು. "ಇಲ್ಲೇ ಹಿಡಿ. ಏಳು ವರ್ಷದಿಂದ ದಿನಾ ಈ ಕಿಟಕೀಲಿ ನಿಂತು ನಿನ್ನ ಕೊಳವೆ ನೋಡ್ತಿದೀನಿ. ಅದು ಹಳದಿ ಆಗೋದು ನೋಡದೆ ನನ್ನ ಗಂಟಲಲ್ಲಿ ಒಂದು ಗುಟುಕೂ ಇಳಿಯಲ್ಲ ಕಣೆ."

ಹಳದಮ್ಮ ಕುಕ್ಕರಗಾಲಲ್ಲಿ ಕೂತು ಅರವತ್ತು ಎಣಿಸಿದರು. ಈ ಸಲ ಎಣಿಕೆ ಜೋರಾಗಿಯೇ ಕೇಳುತ್ತಿತ್ತು. ಐದು ತೊಟ್ಟು ಹಾಕಿ ಅಲ್ಲಾಡಿಸಿ, ಕ್ಯಾಲೆಂಡರಿನ ಬೆನ್ನು ಬಿಟ್ಟು, ಎದ್ದುನಿಂತು ಕೊಳವೆಯನ್ನು ಕಿಟಕಿಯ ಕಡೆ ಎತ್ತಿ ಹಿಡಿದು ಟಾರ್ಚ್ ಬಿಟ್ಟರು.

"ಕಾಣ್ತಾ ಅಕ್ಕಾ?"

"ಕಾಣ್ತು. ಒಳಗೆ ಬಂದು ಚಹಾ ಕುಡ್ಕೊಂಡು ಹೋಗು. ಈ ನೀರಲ್ಲೇ ಮಾಡ್ತೀನಿ."