ಇಪ್ಪತ್ತೇಳು ಹೋಳಿಗೆ

ಜಯಪುರದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ದೊಡ್ಡ ಮನುಷ್ಯ ಅನ್ನಿಸಿಕೊಂಡದ್ದು ಹೋಳಿಗೆ ತಿಂದು. ನಗಬೇಡಿ. ಊರಿಗೆ ರಸ್ತೆ ಮಾಡಿಸಿದವರ ಹೆಸರು ಮರೆತವರು ಕೂಡ, ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ, ಯಾವ ಮದುವೆಯಲ್ಲಿ ಭಾವ ಎಷ್ಟು ಹೋಳಿಗೆ ಮುಗಿಸಿದರು ಎಂದು ತಪ್ಪಿಲ್ಲದೆ ಹೇಳುತ್ತಿದ್ದರು. ಅವರು ಪಂಕ್ತಿಯಲ್ಲಿ ಕೂತರೆ, ಉಂಡು ಎದ್ದವರೂ ಕೈ ತೊಳೆದು ಬಂದು ಸುತ್ತ ನಿಲ್ಲುತ್ತಿದ್ದರು. ಬಡಿಸುವವನು ಯಾವತ್ತೂ ನಾನೇ. ಅವರ ಕೀರ್ತಿಯಲ್ಲಿ ನನಗೂ ಒಂದು ಚೂರು ಪಾಲಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕಾಲಿನ ಹೆಬ್ಬೆರಳ ಗಾಯ ಮಾಯದೆ, ಅಕ್ಕ ಅವರನ್ನು ಕೊಪ್ಪದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಶುಗರ್ ಮಿತಿಮೀರಿತ್ತು. ಸಿಹಿ ಬಿಡದಿದ್ದರೆ ಕಾಲು ಉಳಿಯುವುದಿಲ್ಲ ಎಂದರಂತೆ ಡಾಕ್ಟರು.

ಅದಾಗಿ ಹದಿನೈದು ದಿನಕ್ಕೆ ಶೃಂಗೇರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನನ್ನ ಕೈ ಹಿಡಿದಳು.

"ತಮ್ಮಾ, ಇವರಿಗೆ ಒಂದು ಹಾಕು, ಸಾಕು. ಮತ್ತೆ ಆ ಕಡೆ ಹೋಗ್ಲೇಬೇಡ. ನೀನು ತರದಿದ್ರೆ ಅವರಾಗಿ ಕೇಳೋರಲ್ಲ."

"ಆಯ್ತೇ ಅಕ್ಕಾ."

ಒಂದು ಹಾಕಿದೆ. ಭಾವ ತುಪ್ಪವನ್ನೂ ಹಾಕಿಸಿಕೊಳ್ಳದೆ ನಿಧಾನಕ್ಕೆ ತಿಂದರು. ಪಂಕ್ತಿಯಲ್ಲಿ ಒಬ್ಬರನ್ನು ದಾಟಿ ಬಡಿಸಬಾರದು ಅಂತ ಹಿರಿಯರ ಮಾತು. ಅದನ್ನೇ ನೆಪ ಮಾಡಿಕೊಂಡು ಎರಡನೆಯ ಸಲವೂ ಅವರ ಮುಂದೆ ನಿಂತೆ. ಭಾವ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು.

ಎದುರು ಪಂಕ್ತಿಯಲ್ಲಿ ಮೇಗುಂದದ ಕಡೆಯ ಬೀಗರು. ಅವರಲ್ಲೊಬ್ಬರು ಕೂಗಿದರು: "ಇವರೇನಾ ಆ ಭೀಮ? ನಮ್ಮಲ್ಲಿ ಬಾಳಂತೀರೂ ಇದಕ್ಕಿಂತ ಜಾಸ್ತಿ ತಿಂತಾರೆ ಮಾರಾಯ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಭಾವ ನಗುವವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆ ನೋಟ ಹೋಗು ಎನ್ನುತ್ತಿತ್ತು. ಹೋಳಿಗೆ ತಟ್ಟೆ ಎತ್ತಿಕೊಂಡು ಮುಂದಿನ ಎಲೆಗೆ ಸರಿದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಭಾವನನ್ನು ಬಾಳಂತಿಗೆ ಹೋಲಿಸಿದ್ದಕ್ಕೆ ಅವರಿಗಿಂತ ಹೆಚ್ಚು ಉರಿದದ್ದು ನನಗೆ.

"ಕೈ ತೆಗೀರಿ ಭಾವಯ್ಯ," ಎಂದೆ.

ತೆಗೆದರು.

ಕೊನೆಕೊನೆಗೆ ಅವರ ಹಣೆಯ ಬೆವರು ಎಲೆಗೆ ತೊಟ್ಟಿಕ್ಕುತ್ತಿತ್ತು; ಜನ ಅದಕ್ಕೂ ಚಪ್ಪಾಳೆ ಹೊಡೆದರು. ಇಪ್ಪತ್ತಾರು ಎಂದು ಯಾರೋ ಕೂಗಿದ ಮೇಲೆ ಭಾವ ನನ್ನ ಹೆಗಲು ಹಿಡಿದು ಎದ್ದರು. ಮೇಗುಂದದವರು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಬಟ್ಟೆ ಸುತ್ತಿದ್ದ ಆ ಕಾಲನ್ನೇ. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ಮಳೆ ಹಿಡಿಯುವ ಮೊದಲೇ ಶಿವಮೊಗ್ಗದ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ನೋಡಲು ಬಂದವರೆಲ್ಲ ಮಂಚದ ಸುತ್ತ ನಿಂತು ಆ ಮದುವೆಯ ಮಾತನ್ನೇ ಆಡಿದರು.

"ಕಾಲು ಹೋದ್ರೆ ಹೋಗ್ಲಿ ಬಿಡಿ, ಹೆಸರು ನಿಂತಿತಲ್ಲ! ಇಪ್ಪತ್ತಾರು ಅಂದ್ರೆ ಎಂತ ತಮಾಷೆಯಾ?" ಎಂದರು ಒಬ್ಬರು.

ಭಾವ ದಿಂಬಿನಿಂದ ತಲೆ ಎತ್ತಿದರು. "ಇಪ್ಪತ್ತಾರಲ್ಲ ಮಾರಾಯ, ಇಪ್ಪತ್ತೇಳು. ಮೊದಲು ಹಾಕಿದ್ದನ್ನ ನೀವು ಲೆಕ್ಕಕ್ಕೆ ಹಿಡೀಲೇ ಇಲ್ಲ. ಬೇಕಾದ್ರೆ ಇವನನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದು, ಇಪ್ಪತ್ತೇಳು," ಎಂದೆ.

ಮಂಚದ ಆಚೆ ಬದಿಯಲ್ಲಿ ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಾನು ಹಾಕು ಅಂದಿದ್ದು ಒಂದು."

ಅದನ್ನೂ ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು.