ಬೆಸುಗೆಯಿಲ್ಲದ ಉಂಗುರ

ಗುಣವತಿಯವರ ಎದುರು ಬಂದು ಕೂರುವವರದೆಲ್ಲ ಒಂದೇ ರಾಗ. ಇದು ನಮ್ಮಜ್ಜಿಯದು, ನೂರು ವರ್ಷ ಹಳೆಯದು, ಈಗ ಇಂಥದು ಸಿಗುವುದಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಆಭರಣದಂಗಡಿಯೊಂದರ ಹಿಂದಿನ ಪುಟ್ಟ ಕೋಣೆಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಹಿಡಿದು, ಆ ಹಾಲನ್ನು ಅಳೆದು ಕೊಡುವುದೇ ಅವರ ಕೆಲಸವಾಗಿತ್ತು.

ಉಡುಪಿ ಕಡೆಯ ಈ ಹೆಂಗಸು ಕೆಲಸ ಕಲಿತದ್ದು ಸಿಡ್ನಿಯಲ್ಲಿ. ಗಂಡ ಮ್ಯಾಕ್ವೆರಿ ಪಾರ್ಕ್‌ನ ಔಷಧ ಕಂಪನಿಗೆ ಹೋದ ಮೇಲೆ ಗೋಡೆ ನೋಡುತ್ತ ಕೂರಲಾರದೆ ಹರಳು ಪರೀಕ್ಷೆಯ ಕೋರ್ಸಿಗೆ ಸೇರಿದ್ದರು. ಗಂಡ ತೀರಿಕೊಂಡ ನಂತರ ಮಗ ಅಕ್ಷಿತ್ ಇದ್ದ ಮೆಲ್ಬರ್ನ್‌ಗೆ ಬಂದರು. ಸಾಮಾನೆಲ್ಲ ಲಾರಿಯಲ್ಲಿ ಬಂತು. ಸಾಮಾನಿನ ಪಟ್ಟಿಯಲ್ಲಿ ಇಲ್ಲದ ಒಂದು ಮಾತ್ರ ತಾನಾಗಿ ಹಿಂದೆಯೇ ಬಂತು.

ಜುಲೈ ಕಳೆಯುತ್ತ ಬಂದಂತೆ ಬಾಗಿಲಾಚೆ ಯಾರೋ ನಿಂತಿದ್ದಾರೆ ಅನ್ನಿಸುವುದು. ಬಟ್ಟೆಯ ಗಂಟು ಹಿಡಿದು, ಕರೆಯುವವರೆಗೂ ಒಳಗೆ ಬರಬಾರದೆಂದು ಹಟ ಹಿಡಿದ ಹೆಣ್ಣಿನ ಹಾಗೆ. ಸಿಡ್ನಿಯ ಫ್ಲ್ಯಾಟಿನಲ್ಲಿ ಎಷ್ಟೋ ಸಲ ಎದ್ದುಹೋಗಿ ಬಾಗಿಲು ತೆಗೆದಿದ್ದರು. ಪಕ್ಕದ ಮನೆಯವರ ಚಪ್ಪಲಿ ಬಿಟ್ಟರೆ ಅಲ್ಲಿ ಏನೂ ಇರುತ್ತಿರಲಿಲ್ಲ. "ನಿನ್ನ ಅಕ್ಕನಿಗೆ ವೀಸಾ ಸಿಕ್ಕಿತಾ?" ಎಂದು ಗಂಡ ತಮಾಷೆ ಮಾಡುತ್ತಿದ್ದರು. ಗುಣವತಿಗೆ ನಗು ಬರುತ್ತಿರಲಿಲ್ಲ.

ಅಕ್ಕ ಭಾಗೀರಥಿಯನ್ನು ಅವರು ಕಂಡವರೇ ಅಲ್ಲ. ಇವರು ಹುಟ್ಟುವ ಮೊದಲೇ, ಹಲ್ಲು ಬೀಳುವ ವಯಸ್ಸಿನಲ್ಲಿ ಜ್ವರಕ್ಕೆ ಹೋದವಳು. ಆದರೆ ತುಳುವರ ಲೆಕ್ಕವೇ ಬೇರೆ. ಸತ್ತ ಮಕ್ಕಳೂ ಅಲ್ಲಿ ಬೆಳೆಯುತ್ತಾರೆ, ಅವರಿಗೂ ಮದುವೆಯ ವಯಸ್ಸು ಬರುತ್ತದೆ. ಗುಣವತಿಗೆ ಬಂದ ಸಂಬಂಧಗಳೆಲ್ಲ ಹೊಸಿಲಿನಿಂದಲೇ ಹಿಂದಿರುಗತೊಡಗಿದಾಗ, ಅಕ್ಕನ ಮದುವೆಯಾಗದೆ ತಂಗಿಯದು ಆಗುವುದಿಲ್ಲ ಎಂದು ಜೋಯಿಸರು ಹೇಳಿದರು. ಅಪ್ಪ ಬೆಳ್ತಂಗಡಿಯ ಆಚೆ ಒಂದು ಮನೆಯಲ್ಲಿ, ಹಾಗೆಯೇ ಸಣ್ಣವನಿದ್ದಾಗ ತೀರಿಕೊಂಡ ಹುಡುಗನನ್ನು ಹುಡುಕಿ, ಕುಲೆ ಮದುವೆ ಗೊತ್ತುಮಾಡಿದರು. ಕುಲೆಯೆಂದರೆ ಸತ್ತವರ ಜೀವ; ಸತ್ತವರಿಗೆ ಸತ್ತವರ ಜೊತೆ, ಬದುಕಿದವರು ನಿಂತು ನಡೆಸುವ ಮದುವೆ.

ಉಂಗುರ ಮಾಡಿಸಲು ಅಪ್ಪ ಗುಣವತಿಯನ್ನೂ ಕರೆದುಕೊಂಡು ಆಚಾರಿಯ ಬಳಿಗೆ ಹೋಗಿದ್ದರು. ಸತ್ತವಳ ಬೆರಳಿನ ಅಳತೆ ಎಲ್ಲಿಂದ ತರುವುದು? ತಂಗಿಯ ಬೆರಳನ್ನೇ ಅಳೆದರು. ಅಮ್ಮನ ಬೆಂಡೋಲೆಯಿಂದ ಒಂದು ಕೆಂಪು ಕಲ್ಲು ಬಿಡಿಸಿ ಕೊಟ್ಟದ್ದಾಯಿತು. ಕೊನೆಗೆ ಆಚಾರಿ ಬೆಳ್ಳಿಯ ಪಟ್ಟಿಯ ತುದಿಗಳನ್ನು ಬೆಸೆಯಹೊರಟಾಗ ಅಪ್ಪ ತಡೆದರು.

"ಬೆಸುಗೆ ಬೇಡ. ಕೂಡಿಸಿ ಬಿಡಿ ಸಾಕು. ಬದುಕಿದ ಹೆಣ್ಣಿಗಾದರೆ ಕಷ್ಟ ಹೇಳ್ಲಿಕ್ಕೆ ಬಾಯಿ ಉಂಟು. ಇವಳಿಗೆ ದಾರಿಯಾದರೂ ಇರಲಿ. ಆಟಿಯಲ್ಲಿ ನಾನೇ ಹೋಗಿ ಕರೆದುಕೊಂಡು ಬರ್ತೇನೆ."

ಜುಲೈ-ಆಗಸ್ಟಿನಲ್ಲಿ ಬರುವ ಆಟಿ ತಿಂಗಳಲ್ಲಿ ಹೊಸ ಮದುಮಗಳನ್ನು ತವರಿನವರು ಹೋಗಿ ಕರೆದು ತರಬೇಕು. ಸತ್ತವರಿಗೆ ಎಲೆ ಹಾಕಿ ಬಡಿಸುವುದೂ ಅದೇ ತಿಂಗಳಲ್ಲಿ. ಆದರೆ ಮರುವರ್ಷದ ಆಟಿಗೆ ಮೊದಲೇ ಗುಣವತಿಯ ಮದುವೆ ಮುಗಿದಿತ್ತು, ಅಪ್ಪ ತೀರಿಕೊಂಡಿದ್ದರು. ಭಾಗೀರಥಿಯನ್ನು ಕರೆಯಲು ಯಾರೂ ಹೋಗಲಿಲ್ಲ. ಆ ಮನೆಯ ಹೆಸರು ಕೂಡ ಅಪ್ಪನ ಜೊತೆಗೇ ಹೋಯಿತು.

ಎರಡು ಸಾವಿರದ ಏಳನೇ ಇಸವಿಯ ಆಗಸ್ಟಿನ ಒಂದು ಮಧ್ಯಾಹ್ನ ಶ್ರದ್ಧಾ ಎಂಬ ಹುಡುಗಿ ಬಂದಳು. ಕ್ರೇಗಿಬರ್ನ್‌ನಲ್ಲಿ ಮನೆ, ಬಾಕ್ಸ್ ಹಿಲ್‌ನ ಆಸ್ಪತ್ರೆಯಲ್ಲಿ ನರ್ಸ್. ಬೀದಿಯಲ್ಲಿ ಕಳ್ಳತನವಾಗಿತ್ತಂತೆ, ಇನ್ಶೂರೆನ್ಸ್‌ಗೆ ಬೆಲೆ ಬರೆಸಬೇಕಿತ್ತು. ಬೆರಳಿನಿಂದ ಬೆಳ್ಳಿಯುಂಗುರ ಕಳಚಿ ಮೇಜಿನ ಮೇಲಿಟ್ಟಳು.

"ಇದು ನಮ್ಮಜ್ಜಿ ಕೊಟ್ಟಿದ್ದು ಆಂಟಿ. ಹಂಡ್ರೆಡ್ ಇಯರ್ಸ್ ಆಗಿರ್ಬೋದು."

ಬಂತು ಇನ್ನೊಂದು ಎಮ್ಮೆ ಎಂದುಕೊಂಡು ಗುಣವತಿ ಭೂತಗನ್ನಡಿ ಎತ್ತಿಕೊಂಡರು. ಎರಕ ಹೊಯ್ದದ್ದಲ್ಲ, ಕೈಯಿಂದ ಬಡಿದು ಬಗ್ಗಿಸಿದ ಬೆಳ್ಳಿ. ನೂರು ವರ್ಷವಂತೂ ಇಲ್ಲ, ಮೂವತ್ತು ಇರಬಹುದು. ಒಳಮೈ ಸವೆದಿರಲಿಲ್ಲ, ಅರದ ಗೆರೆಗಳು ಇನ್ನೂ ಹಾಗೆಯೇ ಇದ್ದವು. ಅಂದರೆ ಈ ಹುಡುಗಿಗಿಂತ ಮೊದಲು ಯಾರ ಬೆರಳೂ ಇದನ್ನು ಕಂಡಿಲ್ಲ. ತೊಡುವವರೇ ಇಲ್ಲದ ಉಂಗುರವನ್ನು ಯಾರಾದರೂ ಯಾಕೆ ಮಾಡಿಸುತ್ತಾರೆ? ಕೆಂಪು ಕಲ್ಲನ್ನು ಬೆಳಕಿಗೆ ಹಿಡಿದರು. ಅದರ ಅಂಚಿನಲ್ಲಿ ಅಕ್ಕಿಯ ನುಚ್ಚಿನಷ್ಟು ಚಕ್ಕೆ ಎದ್ದಿತ್ತು. ಅಮ್ಮನ ಓಲೆ ಅರೆಯುವ ಕಲ್ಲಿನ ಮೇಲೆ ಬಿದ್ದಾಗ ಎದ್ದ ಚಕ್ಕೆ.

ಅಕ್ಕನ ಉಂಗುರವೇ ಇದು. ಪಟ್ಟಿಯನ್ನು ತಿರುಗಿಸಿ ನೋಡಿದರೆ ತುದಿಗಳು ಸೇರುವಲ್ಲಿ ಹೊಸ ಬೆಸುಗೆ ಹೊಳೆಯುತ್ತಿತ್ತು.

"ಇದನ್ನು ಬೆಸೆದದ್ದು ಯಾರು?"

"ಅದಾ? ಜಾಯಿಂಟ್ ಓಪನ್ ಇತ್ತು, ಸ್ವೆಟರ್‌ಗೆ ಸಿಕ್ಕಾಕೊಳ್ತಿತ್ತು. ಸಿಡ್ನಿಲಿದ್ದಾಗ ಒಂದು ಶಾಪಲ್ಲಿ ಕ್ಲೋಸ್ ಮಾಡಿಸ್ದೆ. ಯಾಕೆ, ವ್ಯಾಲ್ಯೂ ಕಮ್ಮಿಯಾಗುತ್ತಾ?"

ಗುಣವತಿಗೆ ಆ ಪ್ರಶ್ನೆ ಕೇಳಿಸಲೇ ಇಲ್ಲ. ಅವರ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಕುಲೆಯ ಉಂಗುರ ಮನೆ ಬಿಟ್ಟು ಹೊರಗೆ ಬಂದಿದೆಯೆಂದರೆ ಕುಲೆಯನ್ನೂ ಹೊರಗೆ ಹಾಕಿದ್ದಾರೆ. ಕೇಳುವವರಿಲ್ಲದ ಸೊಸೆಯಲ್ಲವೆ? ಎಲೆ ಹಾಕುವುದನ್ನು ಎಂದೋ ಬಿಟ್ಟಿರಬೇಕು. ದಿಕ್ಕಿಲ್ಲದೆ ಅಲೆದೂ ಅಲೆದೂ ಬಂದವಳೇ ಪ್ರತಿ ವರ್ಷ ಬಾಗಿಲಲ್ಲಿ ನಿಲ್ಲುತ್ತಿದ್ದುದು. ಕಣ್ಣು ತುಂಬಿ ಕಲ್ಲು ಕಾಣದಾಯಿತು.

ಹೇಳದೆ ಉಳಿಯಬಹುದಿತ್ತು. ಒಂದು ಹೊತ್ತಿನ ಊಟದ ಬೆಲೆ ಬರೆದು ಹುಡುಗಿಯನ್ನು ಕಳಿಸಬಹುದಿತ್ತು. ಆದರೆ ಈ ಬಾಗಿಲನ್ನು ತಾವಾಗಿ ಮುಚ್ಚಿದರೆ ಮುಂದೆ ತಮಗೆ ನಿದ್ದೆ ಎಂಬುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಎಲ್ಲವನ್ನೂ ಹೇಳಿದರು. ಹುಡುಗಿ ಉಂಗುರವನ್ನೂ ಅವರನ್ನೂ ನೋಡಿದಳು. ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಕಟ್ ಮಾಡ್ಬಿಡಿ ಆಂಟಿ. ನಂಗೆ ಗೊತ್ತಿರ್ಲಿಲ್ಲ" ಎಂದಳು.

ಎಳೆಯಂಥ ಗರಗಸದಿಂದ ಗುಣವತಿ ಬೆಸುಗೆ ಬಿಡಿಸಿದರು. ಅಷ್ಟರಲ್ಲಿ ಶ್ರದ್ಧಾ ಫೋನ್ ಕಾರ್ಡ್ ತೆಗೆದು ಬೆಳ್ತಂಗಡಿಗೆ ನಂಬರ್ ಒತ್ತಿ, ಅಜ್ಜಿಗೆ ವಿಷಯ ತಿಳಿಸಿ, ಫೋನನ್ನು ಇವರ ಕೈಗೆ ಕೊಟ್ಟಳು.

ಗುಣವತಿ, ಕೊಟ್ಟ ಹೆಣ್ಣಿನ ಬಗ್ಗೆ ತವರಿನವರು ಕೇಳುವುದನ್ನೇ ತುಳುವಿನಲ್ಲಿ ಕೇಳಿದರು. "ನಮ್ಮ ಭಾಗೀರಥಿ ಅಲ್ಲಿ ಹೇಗಿದ್ದಾಳೆ?"

"ಒಳ್ಳೇದುಂಟು ತಂಗೀ," ಅಜ್ಜಿ ತುಳುವಿನಲ್ಲೇ ಹೇಳಿದರು. "ನನ್ನ ಮೈದುನನ ಹೆಂಡತಿ ಅಲ್ಲವಾ, ನನಗೆ ಓರಗಿತ್ತಿ. ನನ್ನ ಪುಳ್ಳಿ ಶ್ರದ್ಧಾ ಒಬ್ಬಳೇ ದೂರದೇಶಕ್ಕೆ ಹೊರಟಾಗ, ಇವಳ ಜೊತೆಗಿರು ಅಂತ ಕೈಮುಗಿದು ಕೇಳಿಯೇ ಉಂಗುರ ಕೊಟ್ಟದ್ದು. ಅವಳಿಂದ ನಮಗೆ ಏನೂ ತೊಂದರೆ ಇಲ್ಲ. ಎಲೆ ಹಾಕುವಾಗ ಮಾತ್ರ ಸ್ವಲ್ಪ."

"ಏನಾಗ್ತದೆ?"

"ಅವನ ಎಲೆಗೆ ಬಡಿಸಿ ಉಣ್ಣು ಅಂದರೆ ಆಯ್ತು. ಇವಳದ್ದು ಹಾಗಲ್ಲ. ಆಟಿಗೆ ಕರೀಲಿಕ್ಕೆ ತವರಿನವರು ಬರಬೇಕಲ್ಲ, ಕಾಯ್ತಾ ಕೂತಿರ್ತಾಳೆ ಅಂತ ನನ್ನ ಮನಸ್ಸಿಗೆ. ಅದಕ್ಕೆ ಪ್ರತಿ ವರ್ಷ ನಾನೇ ಹೇಳ್ತೇನೆ, ಈ ವರ್ಷ ಅವರಿಗೆ ಪುರುಸೊತ್ತಾಗಲಿಲ್ಲ ಮಗಾ, ಬರುವ ವರ್ಷ ಬರ್ತಾರೆ, ಈಗ ನೀನು ಉಣ್ಣು ಅಂತ. ಎಷ್ಟು ವರ್ಷದಿಂದ ಹೇಳ್ತಾ ಬಂದಿದ್ದೇನೆ ಈ ಸುಳ್ಳು. ಅಮಾವಾಸ್ಯೆ ಹತ್ತಿರ ಬಂತು. ಈ ಸಲ ಏನು ಹೇಳ್ಲಿ?"

ಗುಣವತಿ ಫೋನನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ತಂಗಿ ಹೊರಟಿದ್ದಾಳೆ ಅಂತ ಹೇಳಿ ಅಕ್ಕಾ," ಎಂದರು. "ಊಟಕ್ಕೆ ಕಾಯ್ಲಿಕ್ಕೆ ಹೇಳಿ."