ಯಾರಿಗೂ ತಾಗದ ಕವಣೆ

ಇವತ್ತು ಬೆಳಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ನೀರಿನ ಟ್ಯಾಂಕಿನ ಮುಚ್ಚಳದ ಸೀಳು ಮತ್ತೆ ಕಣ್ಣಿಗೆ ಬಿತ್ತು. ಹಿಂದೊಮ್ಮೆ ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲೊಂದು ಅಲ್ಲಿ ಬಂದು ಬಡಿದಿತ್ತು. ಬೀಸಿದವಳು ನಾನೇ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಇದನ್ನು ಯಾರೂ ನಂಬುವುದಿಲ್ಲ. ನಾನು ಎಂ.ಎ. ಮುಗಿಸಿದ್ದು ಎದುರುಮನೆಯವರಿಗೆ ಗೊತ್ತಾದದ್ದೇ ಆರು ತಿಂಗಳ ಮೇಲೆ.

ಕಲ್ಲಿಗೆ ಕಾರಣ ಒಂದು ಆಟ. ನೀವು ಆಡಿರಲಿಕ್ಕಿಲ್ಲ, ಹೇಳುತ್ತೇನೆ. ಮೇಜಿನ ಸುತ್ತ ನಾಲ್ಕು ಜನ, ಒಂದಿಷ್ಟು ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ. ಒಬ್ಬರು ಕತೆ ಹೇಳುತ್ತಾರೆ. ಉಳಿದವರು ಆ ಕತೆಯೊಳಗಿನ ವೀರರು. ಏನು ಮಾಡುತ್ತೇವೆಂದು ನಾವು ಹೇಳಬೇಕು, ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ; ಅಂಕೆ ದೊಡ್ಡದಾದಷ್ಟೂ ಒಳ್ಳೆಯದು. ನಮಗೆ ಕತೆ ಹೇಳುವವನು ಇಮ್ರಾನ್. ರಾಜೀವನಗರದ ಅವನ ಮನೆಯ ಮುಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾನು, ರಶ್ಮಿ, ಸುಮಾ ಸೇರುತ್ತಿದ್ದೆವು.

ನಮ್ಮಲ್ಲೊಂದು ಪದ್ಧತಿಯಿತ್ತು. ಕೊನೆಗೆ ಸೇರಿದವರು ಬೇರೆಯವರು ಬೇಡವೆಂದು ಬಿಟ್ಟ ಆಯುಧವನ್ನು ತೆಗೆದುಕೊಳ್ಳಬೇಕು. ಕೊನೆಗೆ ಸೇರಿದವಳು ಸುಮಾ. ರಶ್ಮಿಗೆ ಕತ್ತಿ, ನನಗೆ ಬಿಲ್ಲು, ಸುಮಾಗೆ ಕವಣೆ. ಒಂದು ಬಟ್ಟೆಪಟ್ಟಿ, ಅದರಲ್ಲಿಟ್ಟು ಬೀಸಲು ಒಂದು ಕಲ್ಲು, ಅಷ್ಟೆ. ಅವಳ ಇಬ್ಬರು ವೀರರು ಸಾಲಾಗಿ ಸತ್ತರು. ಎರಡನೆಯವನು ಸತ್ತ ಸಂಜೆ ಬಸ್‌ ಸ್ಟಾಪಿನಲ್ಲಿ ಅವಳು, “ಇನ್ನೊಂದ್ಸಲಿ ಸತ್ರೆ ನಾನು ಬರಲ್ಲ ಕಣೆ. ಮನೇಲಿ ಆರಾಮಾಗಿ ಮಲ್ಕೋತೀನಿ” ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಇಡೀ ವಾರದಲ್ಲಿ ನಾನು ಮನಬಿಚ್ಚಿ ಮಾತಾಡುತ್ತಿದ್ದದ್ದು ಅವಳೊಡನೆ, ಆ ಬಸ್‌ ಬರುವ ತನಕ ಮಾತ್ರ.

ಆಯುಧಗಳಿಗೆ ಮಾಯಾಶಕ್ತಿ ಕಟ್ಟಿ ಕಾರ್ಡಿನಲ್ಲಿ ಬರೆಯುವ ಕೆಲಸ ನನ್ನದು; ಅಕ್ಷರ ದುಂಡಗಿದೆ ಎಂಬುದಷ್ಟೇ ನನ್ನ ಅರ್ಹತೆ. ಕತ್ತಿ ಸುಲಭ. ಬೆಂಕಿ ಉಗುಳುತ್ತದೆ ಎಂದು ಬರೆದರೂ ಸರಿ, ಹಿಮ ಸುರಿಸುತ್ತದೆ ಎಂದರೂ ಸರಿ. ಕವಣೆಗೂ ಬೆಂಕಿಯ ಕಲ್ಲು ಬರೆದೆ. ಆಮೇಲೆ ಹೊಳೆಯಿತು, ಕಲ್ಲಿಗಿಂತ ಮೊದಲು ಪಟ್ಟಿ ಸುಡುತ್ತದೆ. ಕಾರ್ಡು ಹರಿದೆ. ನಾನು ಕವಣೆಯನ್ನು ಮುಟ್ಟಿಯೂ ನೋಡಿರಲಿಲ್ಲ.

ನಮಗೆ ಸೊಪ್ಪು ತರುವ ನಂಜಮ್ಮ ಚಿಕ್ಕಂದಿನಲ್ಲಿ ಕವಣೆ ಹಿಡಿದು ಹಕ್ಕಿಗಳಿಂದ ಹೊಲ ಕಾದವರು. ಕೇಳಿದಾಗ ಬುಟ್ಟಿ ಇಳಿಸಿ, “ಈಗ್ಯಾಕವ್ವ ನಿಂಗೆ ಕವಣೆ? ಯಾರ್ ಮೇಲೆ ಕ್ವಾಪ?” ಎಂದರು. ನನ್ನ ಹಳೇ ದುಪಟ್ಟಾ ಮಡಿಚಿ ತಾರಸಿಯ ಮೇಲೆ ಬೀಸಿ ತೋರಿಸಿದರು. ಕಲ್ಲು ಹಿಂದಿನ ಖಾಲಿ ಸೈಟಿಗೆ ಹೋಗಿ ಬಿತ್ತು. ನಾನು ಬೀಸಿದೆ. ಬಿಡುವುದು ತಡವಾಗಿ ಕಲ್ಲು ಹಿಂದಕ್ಕೆ ಹಾರಿ ಟ್ಯಾಂಕಿನ ಮುಚ್ಚಳಕ್ಕೆ ಬಡಿಯಿತು.

“ಒಡ್ದ್ಬುಟ್ಟೆ,” ಎಂದು ಅವರು ಅಲ್ಲೇ ಕುಳಿತು ನಕ್ಕರು.

“ಹಕ್ಕಿಗೆ ಗುರಿ ಇಡೋದು ಹೇಗಜ್ಜಿ?”

“ಅಕ್ಕಿಗ್ ಒಡೀಬಾರ್ದು ಕಣವ್ವ. ಅದರ ಪಕ್ಕಕ್ಕೆ ಒಡೀಬೇಕು. ಸದ್ದಿಗೇ ಎದ್ದೋಯ್ತವೆ. ಎದ್ದೋದ್ರೆ ಸಾಕಲ್ವಾ?”

ಅಂದು ಮಧ್ಯಾಹ್ನ ಹೊಸ ಕಾರ್ಡು ಬರೆದೆ: ‘ಈ ಕವಣೆಯ ಕಲ್ಲು ಯಾರಿಗೂ ತಾಗುವುದಿಲ್ಲ. ಅದು ಬಿದ್ದಲ್ಲಿಂದ ಹತ್ತು ಹೆಜ್ಜೆಯೊಳಗೆ ಯಾರೇ ಇದ್ದರೂ ಇದ್ದ ಜಾಗ ಬಿಟ್ಟು ಏಳಲೇಬೇಕು. ಯಾವ ಶಕ್ತಿಯೂ ಅವರನ್ನು ಹಿಡಿದಿಡಲಾರದು.’

ಭಾನುವಾರ ಅದನ್ನು ಓದಿದ ರಶ್ಮಿ, “ತಾಗದೇ ಇರೋ ಆಯುಧ. ಇದಕ್ಕೆ ಸ್ನಾತಕೋತ್ತರ ಪದವಿ ಬೇರೆ” ಎಂದಳು. ಇಮ್ರಾನ್ ಕೆಮ್ಮಿದ. ಸುಮಾ ಕಾರ್ಡನ್ನು ಎರಡು ಸಲ ಓದಿ ಮುಂದಿಟ್ಟುಕೊಂಡು ಪೆನ್ಸಿಲ್ ಚೂಪು ಮಾಡತೊಡಗಿದಳು. ಅವಳನ್ನು ಕಳೆದುಕೊಂಡೆ ಎಂದೇ ನನಗನ್ನಿಸಿತು.

ಅಂದಿನ ಕತೆಯಲ್ಲಿ ಒಂದು ಜವುಗು ಕೆರೆ. ನಾನು ಬಹಳ ಲೆಕ್ಕಾಚಾರ ಮಾಡಿ ದಾರಿ ಆರಿಸಿದೆ, ರಶ್ಮಿ ನನ್ನ ಹಿಂದೆ ಬಂದಳು, ಇಬ್ಬರೂ ಸೊಂಟದವರೆಗೆ ಹೂತುಹೋದೆವು. ಕೆರೆಯ ರಕ್ಕಸ ಈಜುತ್ತಾ ಬರುತ್ತಿದ್ದ. ದಂಡೆಯಲ್ಲಿ ಉಳಿದವಳು ಸುಮಾ ಒಬ್ಬಳೇ.

“ರಕ್ಕಸನಿಗೆ ಹೊಡಿಯೇ,” ಎಂದಳು ರಶ್ಮಿ.

“ಅವನಿಗಲ್ಲ. ನಿಮ್ಮಿಬ್ಬರ ಪಕ್ಕಕ್ಕೆ,” ಎಂದಳು ಸುಮಾ.

ಇಮ್ರಾನ್ ಕಾರ್ಡು ಎತ್ತಿಕೊಂಡು ಓದಿದ. ಶತ್ರುಗಳು ಮಾತ್ರ ಏಳಬೇಕೆಂದು ನಾನು ಎಲ್ಲೂ ಬರೆದಿರಲಿಲ್ಲ. ಒಂದೊಂದು ಪದ ತೂಗಿ ಬರೆಯುತ್ತೇನೆಂಬ ಹೆಮ್ಮೆಯವಳು ನಾನು. ಹೀಗೂ ಆಗಬಹುದೆಂದು ನನಗೆ ಹೊಳೆದಿರಲೇ ಇಲ್ಲ. ದಾಳ ಉರುಳಿತು. ಹದಿನೇಳು.

“ಎದ್ದುಬನ್ರಮ್ಮ,” ಎಂದ ಇಮ್ರಾನ್. ನಾವು ಕೆಸರಿನಿಂದ ಎದ್ದು ಬಂದೆವು. ರಕ್ಕಸ ಬರುವಷ್ಟರಲ್ಲಿ ಮೂವರೂ ದಂಡೆಯಲ್ಲಿದ್ದೆವು.

“ಆ ಕಾರ್ಡು ನಂಗೆ ಬೇಕು,” ಎಂದಳು ರಶ್ಮಿ.

“ಕತ್ತಿ ಇಟ್ಕೊಂಡಿರು, ಸೊಪ್ಪು ಹೆಚ್ಚೋಕಾಗುತ್ತೆ,” ಎಂದು ಸುಮಾ ಕಾರ್ಡನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಹೊರಡುವಾಗ ಇಮ್ರಾನ್, ಅಕ್ಕ ಬಾಣಂತನಕ್ಕೆ ಬರುತ್ತಾಳೆ, ಇನ್ನು ಇಲ್ಲಿ ಕೂರುವುದು ಕಷ್ಟ ಎಂದ. ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಸ್ನೇಹಿತರನ್ನು ಒಮ್ಮೆಯೂ ಮನೆಗೆ ಕರೆಯದ ನಾನು, “ನಮ್ಮನೆಗೆ ಬನ್ನಿ” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಎರಡು ವರ್ಷವಾಯಿತು. ಈಗ ಭಾನುವಾರದ ಊಟ ಮುಗಿದ ಕೂಡಲೇ ನಡುಮನೆಯ ಮೇಜು ಖಾಲಿ ಮಾಡಿಡುತ್ತೇನೆ. ಅಮ್ಮನಿಗೆ ಆಟ ಅರ್ಥವಾಗಿಲ್ಲ, ಆದರೆ ಯಾವುದು ಮುಖ್ಯವೆಂದು ಚೆನ್ನಾಗಿ ಅರ್ಥವಾಗಿದೆ. ಇವತ್ತೂ ಭಾನುವಾರ. ಇದೀಗ, ನಾನಿದನ್ನು ಬರೆಯುತ್ತಿರುವಾಗ, ಅಡುಗೆಮನೆಯಿಂದ ಕೇಳಿದರು:

“ಹೋದ ವಾರ ಸುಮಾದು ಸಾಯ್ಲಿಲ್ಲ ತಾನೆ?”

“ಇಲ್ಲಮ್ಮ, ಬದುಕಿದೆ.”

“ಹಂಗಾದ್ರೆ ನಾಲ್ಕು ಲೋಟ ಇಡ್ತೀನಿ.”